ಖಾನಾಪುರದ ಲೋಳೆ ಮೊಸರು

ನನ್ನ ಅರ್ಧ ಆಯುಷ್ಯ ಗಾಜು ತೊಳೆಯುವುದರಲ್ಲಿ ಹೋಯಿತು. ಬೇಸರದ ಮಾತು ಅಂದುಕೊಂಡರೆ ತಪ್ಪಿಲ್ಲ, ಬೇಸರದಿಂದಲೇ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ಒಂದು ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಪ್ರಯೋಗಶಾಲೆಯ ಸಹಾಯಕಿಯಾಗಿ ಸೇರಿದೆ. ಬಿ.ಎಸ್ಸಿ. ಮುಗಿಸಿದ ಮಗಳಿಗೆ ಬಿಳಿ ಕೋಟು ಸಿಕ್ಕಿತು ಎಂದು ಅವ್ವ ಅನಗೋಳದ ನಮ್ಮ ಓಣಿಗೆಲ್ಲ ಪೇಢೆ ಹಂಚಿದಳು. ಆ ಕೋಟಿನ ತೋಳು ಮೊಳಕೈವರೆಗೆ ಏರಿಸಿ, ಬ್ರಷ್ಷು ಹಿಡಿದು ಮೋರಿಯ ಮುಂದೆ ನಿಲ್ಲುವುದೇ ನನ್ನ ಕೆಲಸ ಎಂದು ಅವಳಿಗೆ ಬಹಳ ದಿನ ಹೇಳಲಿಲ್ಲ.

ತೊಳೆಯಲು ಬರುವ ಟೆಸ್ಟ್ ಟ್ಯೂಬುಗಳಲ್ಲಿ ಎರಡು ಜಾತಿ. ಕೆಲವಕ್ಕೆ ನೀರು ತೋರಿಸಿದರೆ ಸಾಕು, ಫಳಫಳ ಆಗುತ್ತಿದ್ದವು. ಇನ್ನು ಕೆಲವದರ ಒಳಗೋಡೆಗೆ ಕಂಡೂ ಕಾಣದಂಥ ಒಂದು ಲೋಳೆ ಹತ್ತಿಕೊಂಡಿರುತ್ತಿತ್ತು. ಸೋಡಾ ಹಾಕು, ಬೂದಿ ಹಾಕು, ಕುದಿಸು, ತಿಕ್ಕು, ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೆರಳಿಗೆ ಜಾರುತ್ತಿತ್ತು, ಬ್ರಷ್ಷಿಗೆ ಸಿಗುತ್ತಿರಲಿಲ್ಲ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲೂ ನನ್ನ ಬೆರಳ ತುದಿಗೆ ಆ ಜಾರು ಉಳಿದಿರುತ್ತಿತ್ತು. ಹುಟ್ಟಿಸಿದವನನ್ನೂ ಸೇರಿಸಿ ಅದನ್ನು ಬೈದಿದ್ದೇನೆ.

ನಮ್ಮ ವಿಭಾಗಕ್ಕೆ ಧಾರವಾಡದ ಕಡೆಯಿಂದ ಒಬ್ಬ ಪ್ರಾಧ್ಯಾಪಕರು ಬಂದರು. ದಮ್ಮಿನ ಮನುಷ್ಯ, ಮೆಟ್ಟಿಲು ಹತ್ತಿದರೆ ಹತ್ತು ನಿಮಿಷ ಮಾತಾಡುತ್ತಿರಲಿಲ್ಲ. ನಾವೆಲ್ಲ ಅವರನ್ನು ಬರೀ ಸರ್ ಅನ್ನುತ್ತಿದ್ದೆವು. ಬಂದ ಹೊಸತರಲ್ಲಿ ಒಂದು ದಿನ ಮೋರಿಯ ಹತ್ತಿರ ನಿಂತು ನನ್ನ ಕೈಯಿಂದ ಟ್ಯೂಬು ಕಸಿದುಕೊಂಡರು.

"ಇದನ್ನ ತೊಳೀಬ್ಯಾಡವಾ. ಒಳಗಿಂದು ಸುರು, ಗ್ವಾಡಿಗೆ ಹತ್ತಿದ್ದು ಹಂಗ ಇರಲಿ."

"ಸರ್, ಅದು ಹೊಲಸರಿ."

"ಅದ ಖರೇ ಮಾಲು. ನಾವು ಇಷ್ಟು ದಿನ ನೋಡಿದ್ದು ನೀರಾಗ ತೇಲೂವನ್ನ. ಅವು ಹಾದ್ಯಾಗ ಹೊಂಟವು. ಊರು ಇರೂದು ಗ್ವಾಡಿ ಮ್ಯಾಲೆ."

ಅವತ್ತಿನಿಂದ ನನಗೆ ಎರಡು ಕೆಲಸ. ಮೊದಲು ಅದೇ ಲೋಳೆಗೆ ನೇರಳೆ ಬಣ್ಣ ಹಾಕಿ, ಎಷ್ಟು ಹತ್ತಿದೆ ಎಂದು ಸರ್‌ಗೆ ತೋರಿಸಬೇಕು. ಅವರು ನೋಡಿದ ಮೇಲೆ ಅದನ್ನು ತಿಕ್ಕಿ ತೆಗೆಯಬೇಕು. ಬಣ್ಣ ಬೇರೆ ಹತ್ತಿದ ಮೇಲೆ ಕೇಳುವುದೇ ಬೇಡ. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದ ಪತ್ರಿಕೆಯೊಂದರಲ್ಲಿ ಈ ಪದರಕ್ಕೆ ಬಯೋಫಿಲ್ಮ್ ಎಂದು ಹೆಸರಿಟ್ಟಿದ್ದಾರೆ ಎಂದು ಅವರು ಹೇಳಿದಾಗ, ನಾನು ಇಟ್ಟಿದ್ದ ಹೆಸರುಗಳನ್ನು ಅವರಿಗೆ ಹೇಳಲಿಲ್ಲ.

ಇಷ್ಟು ಹೇಳಿದ್ದು ನನ್ನ ತಂಗಿಯ ವಿಷಯಕ್ಕೆ ಬರಲಿಕ್ಕೆ. ಅವಳು ನನಗಿಂತ ಚಿಕ್ಕವಳು, ನನಗಿಂತ ಮೊದಲು ಮದುವೆಯಾದಳು. ಅಪ್ಪ ಹೋದ ಮೇಲೆ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ಹೀಗಾಗಿ ನನ್ನ ಮದುವೆಯ ಮಾತು ಮುಂದೆ ಮುಂದೆ ಹೋಗಿ ಕೊನೆಗೆ ಎಲ್ಲರಿಗೂ ಮರೆತುಹೋಯಿತು. ತಂಗಿಯನ್ನು ಖಾನಾಪುರಕ್ಕೆ ಕೊಟ್ಟೆವು. ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ಆದರೆ ತಾಯಿಯ ಎದುರಿಗೆ ಬಾಯಿಗೆ ಬೀಗ. ಮನೆಯಲ್ಲಿ ಎಮ್ಮೆಗಳಿದ್ದವು, ಹೈನು ಚೆನ್ನಾಗಿತ್ತು. ಹಾಲು, ಮೊಸರು, ಬೆಣ್ಣೆ ಎಂದರೆ ಆ ಅತ್ತೆಗೆ ಪೂಜೆಯಷ್ಟೇ ದೊಡ್ಡದು.

ಮದುವೆಯಾದ ಮರುವರ್ಷ ತಂಗಿ ಪಂಚಮಿಗೆ ತವರಿಗೆ ಬಂದಳು. ಓಣಿಯ ಹುಡುಗಿಯರೆಲ್ಲ ಜೋಕಾಲಿ ಜೀಕುತ್ತಿದ್ದರೆ ಇವಳು ಹಿತ್ತಲಲ್ಲಿ ಪಪ್ಪಾಯಿ ಗಿಡದ ಬುಡಕ್ಕೆ ಕೂತಿದ್ದಳು. ಕೆದಕಿದೆ.

"ಅಕ್ಕಾ, ನನ್ನ ಕೈಯಾಗ ದೋಷ ಐತಂತ."

"ಯಾರು ಅಂದ್ರು?"

"ಎಲ್ಲಾರೂ ಅಂತಾರ. ನಾ ಹೆಪ್ಪ ಹಾಕಿದ್ರ ಮೊಸರು ಲೋಳಿ ಬರ್ತೈತಿ. ಸೌಟು ಎತ್ತಿದ್ರ ಎಳಿ ಎಳಿ ಬರ್ತೈತಿ. ನಮ್ಮತ್ತಿ ಏನಂತಾರ ಗೊತ್ತೇನು? ಸಿಂಬಳ ಅಂತಾರ."

ನಮ್ಮ ಕಡೆ ಹೆಪ್ಪು ಹಾಕುವವರ ಕೈಗುಣದ ಮೇಲೆ ಮೊಸರು ಎಂಬ ನಂಬಿಕೆ ಗಟ್ಟಿ. ಯಾರ ಕೈ ತಂಪು, ಯಾರ ಕೈ ಬಿಸಿ ಎಂದು ಹೆಂಗಸರು ನೆಂಟಸ್ತಿಕೆಯ ಮೊದಲೇ ವಿಚಾರಿಸುತ್ತಿದ್ದರು. ಬಸವ ಜಯಂತಿಯ ದಿನ ಆ ಮನೆಗೆ ಜಂಗಮರನ್ನು ಊಟಕ್ಕೆ ಕರೆದಿದ್ದರಂತೆ. ಕೊನೆಗೆ ತಂಗಿ ಮೊಸರು ಬಡಿಸುವಾಗ ಸೌಟಿನಿಂದ ತಾಟಿನವರೆಗೆ ಒಂದು ಎಳೆ ಜೋತುಬಿದ್ದು ಹರಿಯಲೇ ಇಲ್ಲ. ಜಂಗಮರು ಏನೂ ಅನ್ನದೆ ಕೈ ಹಿಂದೆ ತೆಗೆದುಕೊಂಡರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅತ್ತೆಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತಂತೆ.

ಆಮೇಲೆ ಅತ್ತೆ ಪರೀಕ್ಷೆಗೆ ಇಳಿದರು. ಅವರು ದಡ್ಡರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮೊದಲು ಗಡಿಗೆ ಬದಲಿಸಿದರು. ಖಾನಾಪುರದಲ್ಲಿ ಮಣ್ಣಿನ ಗಡಿಗೆಗೇನು ಬರ? ಹೊಸ ಗಡಿಗೆಯಲ್ಲೂ ಲೋಳೆ ಬಂತು. ಆಮೇಲೆ ಬಾಜು ಮನೆಯಿಂದ ಬೇರೆ ಹೆಪ್ಪು ತಂದು ತಮ್ಮ ಕೈಯಾರೆ ಹಾಕಿದರು. ಮರುದಿನ ಮೊಸರು ಮಲ್ಲಿಗೆ. ಅದರ ಮರುದಿನವೂ ಪರವಾಗಿಲ್ಲ. ಆಮೇಲೆ ಕಡೆಯುವ ಕೆಲಸ ಸೊಸೆಗೆ ಕೊಟ್ಟರು, ಎರಡು ದಿನದಲ್ಲಿ ಮತ್ತೆ ಎಳೆ ಶುರು. ಗಡಿಗೆ ಬೇರೆ, ಹೆಪ್ಪು ಬೇರೆ, ಎಮ್ಮೆ ಅದೇ, ಅವರ ಕೈಯಲ್ಲಿ ಒಳ್ಳೆಯದು, ಇವಳ ಕೈಯಲ್ಲಿ ಕೆಟ್ಟದ್ದು. ಇಷ್ಟಾದ ಮೇಲೆ ಇನ್ನೇನು ಉಳಿಯಿತು? ಕೈ ಉಳಿಯಿತು.

ತಂಗಿಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು. ಕಸ, ಮುಸುರಿ, ಸೆಗಣಿ, ನೀರು ಇವೆಲ್ಲ ಮಾಡಬಹುದು, ಒಲೆ ಮತ್ತು ಹಾಲಿನ ನೆಲುವಿನ ಹತ್ತಿರ ಹೋಗುವಂತಿಲ್ಲ. ಆಮೇಲೂ ಲೋಳೆ ಪೂರ್ತಿ ಹೋಗಲಿಲ್ಲ, ಇವಳು ತಂದ ದೋಷ ಇನ್ನೂ ಮನೆ ಬಿಟ್ಟಿಲ್ಲ ಎಂದು ಅತ್ತೆ ಎರಡು ದಿನಕ್ಕೊಮ್ಮೆ ಬಾಜು ಮನೆಯ ಹೆಪ್ಪು ತರುತ್ತಿದ್ದರು. ದೀಪಾವಳಿಯವರೆಗೆ ನೋಡೋಣ, ಸರಿಹೋಗದಿದ್ದರೆ ತವರಿಗೆ ಕಳಿಸೋಣ ಎಂದು ಅತ್ತೆ ಮಗನ ಕಿವಿಗೆ ಹಾಕಿದ್ದರು. ಮಗ ಆಗಲಿ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. "ಅಕ್ಕಾ, ನೀ ದವಾಖಾನಿ ಹುಳಾನ ಕಂಡ ಹಿಡೀತಿ, ಇದೊಂದು ಹುಡುಕಾಕ ಆಗೂದಿಲ್ಲೇನು?" ಎಂದು ತಂಗಿ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಗಂಡನ ಮನೆಯಿಂದ ಹೊರಬಿದ್ದ ಹುಡುಗಿಗೆ ಆಗ ನಮ್ಮ ಓಣಿಯಲ್ಲಿ ಏನು ಮರ್ಯಾದೆ ಇತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಅವಳನ್ನು ವಾಪಸು ಬಿಡಲು ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರಕ್ಕೆ ಹೋದವಳು, ಬರುವಾಗ ಕುದಿಸಿದ ಔಷಧಿ ಬಾಟಲಿಯಲ್ಲಿ ಆ ಮೊಸರು ತುಂಬಿಸಿಕೊಂಡು ಬಂದೆ. ಸರ್‌ಗೆ ತೋರಿಸಿದೆ. ಕಡ್ಡಿ ಅದ್ದಿ ಎತ್ತಿ, ಗೇಣುದ್ದ ಎಳೆ ಬಂದದ್ದನ್ನು ನೋಡಿ ಮಕ್ಕಳಂತೆ ನಕ್ಕರು. ನನಗೆ ನಗು ಬರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಜೋಡಿ ಜೋಡಿಯಾಗಿ ನಿಂತ ದುಂಡನೆಯ ಬ್ಯಾಕ್ಟೀರಿಯಾ, ಮೊಸರಿನಲ್ಲಿ ಇರಬೇಕಾದ ಜಾತಿಯೇ. ಯಾರ ಹೊಟ್ಟೆಗೂ ಕೆಡಕು ಮಾಡುವಂಥದ್ದಲ್ಲ. ಅದನ್ನು ಟ್ಯೂಬಿನಲ್ಲಿ ಬೆಳೆಸಿ, ಸುರಿದು, ಬಣ್ಣ ಹಾಕಿದಾಗ ಒಳಗೋಡೆ ಪೂರ್ತಿ ನೇರಳೆಯಾಯಿತು. ನಮ್ಮ ಮನೆಯ ಒಳ್ಳೆಯ ಮೊಸರಿನದು ಒಂಚೂರೂ ಹತ್ತಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಎರಡೂ ಬ್ಯಾಕ್ಟೀರಿಯಾ ಒಂದೇ ಥರ ಕಂಡಿದ್ದವು.

ಸರ್ ಅದನ್ನು ತಿಳಿಸಿ ಹೇಳಿದ್ದು ನನಗೆ ಈಗಲೂ ನೆನಪಿದೆ. ಬ್ಯಾಕ್ಟೀರಿಯಾದ ಮೈಮೇಲೆ ಪ್ರೋಟೀನುಗಳು ಇರುತ್ತವೆ, ಕೆಲವು ಕೂದಲೆಳೆಯಂತೆ ಹೊರಗೆ ಚಾಚಿಕೊಂಡಿರುತ್ತವೆ. ಅವು ಎಂಥವು ಎಂಬುದರ ಮೇಲೆ ಆ ಜೀವಿ ಗಾಜು ಹಿಡಿಯುತ್ತದೋ, ಕಟ್ಟಿಗೆ ಹಿಡಿಯುತ್ತದೋ, ಏನನ್ನೂ ಹಿಡಿಯದೆ ತೇಲಿಹೋಗುತ್ತದೋ ಎಂಬುದು ನಿರ್ಧಾರವಾಗುತ್ತದೆ. ಹೊಲದಲ್ಲಿ ಸೀರೆಯ ಸೆರಗಿಗೆ ಉತ್ತರಾಣಿ ಹತ್ತುವ ಹಾಗೆ ಒಂದು ಹತ್ತಿಕೊಂಡರೆ, ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ನೆಲೆ ಸಿಕ್ಕ ಮೇಲೆ ಎಲ್ಲ ಸೇರಿ ಮೇಲೊಂದು ಲೋಳೆ ಹೊದ್ದುಕೊಳ್ಳುತ್ತವೆ. ಹೊದ್ದುಕೊಂಡ ಮೇಲೆ ಬೂದಿ, ಸೋಡಾ, ಬೈಗುಳ ಯಾವುದೂ ಒಳಗೆ ಇಳಿಯುವುದಿಲ್ಲ.

ಹಿಡಿದುಕೊಳ್ಳುವುದು ಪ್ರೋಟೀನೇ ಎಂದು ಖಾತ್ರಿಯಾಗಬೇಕಾದರೆ ಪ್ರೋಟೀನು ಕರಗಿಸುವ ಕಿಣ್ವ ಹಾಕಿ ನೋಡಬೇಕು. ಅದನ್ನು ಮುಂಬೈಯಿಂದ ತರಿಸಬೇಕಿತ್ತು. ಒಬ್ಬ ಸಹಾಯಕಿಯ ತಂಗಿಯ ಮೊಸರಿಗಾಗಿ ಕಾಲೇಜು ಯಾಕೆ ತರಿಸುತ್ತದೆ? "ಹಸೀ ಪಪ್ಪಾಯಿ ಹಾಲು ತಗೊಂಡ ಬಾ. ಮಾಂಸ ಲಗೂನ ಬೇಯಲಿ ಅಂತ ಮಂದಿ ಅದನ್ನ ಹಾಕತಾರಲ್ಲ, ಅದೂ ಇದ ಕೆಲಸಾ ಮಾಡತೈತಿ," ಎಂದರು ಸರ್. ಮದುವೆಯಾಗದ ಹೆಣ್ಣು ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಹಸಿ ಪಪ್ಪಾಯಿಕಾಯಿ ಗೀರಿ, ಬಟ್ಟಲಲ್ಲಿ ಹಾಲು ಹಿಡಿಯುವುದನ್ನು ಅನಗೋಳದ ಹೆಂಗಸರು ಗೋಡೆಯ ಆಚೆಯಿಂದ ನೋಡಿದರು. ಹಸಿ ಪಪ್ಪಾಯಿಯನ್ನು ಹೆಂಗಸರು ಯಾಕೆ ಗುಟ್ಟಾಗಿ ಹುಡುಕುತ್ತಾರೆ ಎಂಬುದು ಓಣಿಗೆಲ್ಲ ಗೊತ್ತು. ಎರಡೇ ದಿನದಲ್ಲಿ ನನ್ನ ಹೊಟ್ಟೆಯೊಳಗೆ ಇಲ್ಲದ ಕೂಸಿನ ಸುದ್ದಿ ಅವ್ವನ ಕಿವಿಗೆ ಬಂತು. ಅವ್ವ ಅವತ್ತು ಊಟ ಮಾಡಲಿಲ್ಲ. ನಾನು ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನಿನ ವಿಷಯ ಹೇಳಿದೆ, ಅವಳು ಇನ್ನಷ್ಟು ಅತ್ತಳು.

ಪಪ್ಪಾಯಿ ಹಾಲು ತಾಗಿಸಿ ತೊಳೆದ ಬ್ಯಾಕ್ಟೀರಿಯಾ ಗಾಜಿಗೆ ಹತ್ತಲಿಲ್ಲ. ಬಣ್ಣ ಹಾಕಿ ಸುರಿದರೆ ಟ್ಯೂಬು ಸ್ವಚ್ಛ. ಸರ್ ಬಹಳ ಹೊತ್ತು ಆ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

ಇಲ್ಲಿಗೆ ಮುಗಿಯಬೇಕಿತ್ತು, ಆದರೆ ಬ್ಯಾಕ್ಟೀರಿಯಾ ಬೆಳೆಯಲು ಟ್ಯೂಬುಗಳನ್ನು ಬೆಚ್ಚಗೆ ಇಡುವ ಪೆಟ್ಟಿಗೆ ಸುಟ್ಟುಹೋಯಿತು. ಅದು ರಿಪೇರಿಯಾಗುವಷ್ಟರಲ್ಲಿ ಹುಡುಗರ ಮುಷ್ಕರ ಶುರುವಾಯಿತು. ಚಳಿಗೆ ಸರ್ ದಮ್ಮು ಹೆಚ್ಚಾಗಿ ರಜೆ ಹಾಕಿದರು. ಊಟದ ಬಿಡುವಿನಲ್ಲಿ ನಾನೊಬ್ಬಳೇ ಗಡಿಗೆಯ ಚೂರು, ಹಿತ್ತಾಳೆಯ ತುಂಡು, ಕಟ್ಟಿಗೆಯ ಚಕ್ಕೆ ಹಾಲಿನಲ್ಲಿ ಮುಳುಗಿಸಿ ಇಡುತ್ತಿದ್ದೆ. ಕಟ್ಟಿಗೆಗೆ ಹತ್ತಿದಷ್ಟು ಬೇರೆ ಯಾವುದಕ್ಕೂ ಹತ್ತುತ್ತಿರಲಿಲ್ಲ. ಆ ಮನೆಯ ಹಾಲಿಗೆ ತಾಗುವ ಕಟ್ಟಿಗೆ ಯಾವುದು ಎಂದು ಯೋಚಿಸುತ್ತ ಒಂದು ಮಧ್ಯಾಹ್ನ ರೊಟ್ಟಿ ಮುರಿಯುವಾಗ ಹೊಳೆಯಿತು. ಕಡಗೋಲು! ಗಡಿಗೆ ಬದಲಿಸಿದರು, ಹೆಪ್ಪು ಬದಲಿಸಿದರು, ಅತ್ತೆಯ ತಾಯಿಯ ಕಾಲದ ಕಡಗೋಲನ್ನು ಬದಲಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅದು ಇಷ್ಟು ವರ್ಷ ಒಳ್ಳೆಯ ಮೊಸರನ್ನೇ ಕಡೆದಿತ್ತು. ಆ ಮನೆಯಲ್ಲಿ ಮೊಸರು ಕಡೆದ ಮೇಲೆ ಉಳಿದ ಮಜ್ಜಿಗೆಯನ್ನೇ ಮರುದಿನದ ಹೆಪ್ಪಿಗೆ ಇಡುವ ರೂಢಿ. ಹೊಸ ಹೆಪ್ಪು ಒಂದೆರಡು ದಿನ ಚೆನ್ನಾಗಿದ್ದು ಆಮೇಲೆ ಯಾಕೆ ಕೆಡುತ್ತಿತ್ತು ಎಂಬುದೂ ಇದರಿಂದ ತಿಳಿಯಿತು.

ಈ ನಡುವೆ ದೀಪಾವಳಿ ಬಂದು ಹೋಗಿತ್ತು. ತಂಗಿಯನ್ನು ತವರಿಗೆ ಕಳಿಸಿರಲಿಲ್ಲ. ಊರ ಹೊರಗೆ ಚಹಾದ ಕಪ್ಪು ಬಸಿ ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಸುಮ್ಮನೆ ಕೂತು ಉಣ್ಣುವ ಸೊಸೆ ಎಂಬ ಮಾತು ಬೇಡವೆಂದು ಅತ್ತೆಯೇ ಅವಳನ್ನು ಅಲ್ಲಿಗೆ ಹಚ್ಚಿದ್ದರು. ಯುಗಾದಿಗೆ ಬಾ ಎಂದು ಕರೆ ಬಂದಾಗ ನಾನು ಖಾನಾಪುರಕ್ಕೆ ಹೋದೆ. ರೈಲಿಳಿದವಳು ನೇರವಾಗಿ ಆ ಕಾರ್ಖಾನೆಗೇ ನಡೆದೆ.

ತಂಗಿ ಹಸಿ ಕಪ್ಪುಗಳಿಗೆ ಹಿಡಿಕೆ ಅಂಟಿಸುತ್ತಿದ್ದಳು. ತೆಳ್ಳನೆಯ ಕೆಸರನ್ನು ಬೆರಳ ತುದಿಯಲ್ಲಿ ಸವರಿ, ಹಿಡಿಕೆ ಒತ್ತಿ, ಒಂದು ಕ್ಷಣ ಉಸಿರು ಹಿಡಿದು ಬಿಡುತ್ತಿದ್ದಳು. ಸುತ್ತ ಮೂರ್ನಾಲ್ಕು ಹೆಂಗಸರು, ಕನ್ನಡ ಮರಾಠಿ ಕಲಸಿ ನಗೆಚಾಟಿಕೆ ನಡೆದಿತ್ತು. ಗಡ್ಡ ಬಿಳಿಯಾದ ಮುಸಲ್ಮಾನ ಮೇಸ್ತ್ರಿಯೊಬ್ಬರು ನನಗೆ ಕೂರಲು ಪೆಟ್ಟಿಗೆ ಕೊಟ್ಟು, "ನೋಡ್ರಿ, ಭಟ್ಟಿಗೆ ಹಾಕಿದ್ರ ಬ್ಯಾರೇವ್ರ ಹಿಡಿಕಿ ಉಚ್ಚಿ ಬೀಳತಾವು, ನಿಮ್ಮ ತಂಗೀದು ಒಂದೂ ಉಚ್ಚೂದಿಲ್ಲ. ಬೇಟಿ ಕೈಯಾಗ ಬರಕತ್ ಐತ್ರಿ," ಎಂದರು. ತಂಗಿ ತಲೆ ಬಗ್ಗಿಸಿ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮನೆಯ ದಾರಿಯಲ್ಲಿ ಕಡಗೋಲಿನ ವಿಷಯ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ.

"ಬಿಡಕ್ಕ," ಎಂದಳು. "ಈಗ ನಡದೈತಲ್ಲ."

"ಏನ್ ನಡದೈತಿ? ಮನ್ಯಾಗ ಮುಟ್ಟಿಸಿಕೊಳ್ಳೂದಿಲ್ಲ ನಿನ್ನ."

"ಹೂಂ, ಖರೇ," ಎಂದು ಮುಂದೆ ನಡೆದಳು.

ಸೋತವಳ ಮಾತು ಅದು ಎಂದು ನನಗನ್ನಿಸಿತು. ಹಬ್ಬದ ದಿನ ನೆಂಟರ ಎದುರಿಗೆ, ನೀರಿನ ತಂಬಿಗೆ ಇಡಲು ಅವಳು ಅಡುಗೆಮನೆಯ ಹೊಸ್ತಿಲ ತನಕ ಹೋದಾಗ ಅತ್ತೆ, "ಅಲ್ಲೇ ಇಡ, ಒಳಗ ಬರಬ್ಯಾಡ," ಅಂದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಹೋಗಲಿ ಎಂದು ಕಾಯಲೂ ಇಲ್ಲ.

"ಅತ್ತಿಯವರ, ನಿಮ್ಮ ಕಡಗೋಲು ತೋರಸ್ರಿ."

ತಂದರು. ನಾಲ್ಕು ಎಸಳಿನ ಹಳೆಯ ಕಡಗೋಲು, ಕೈಯಾಡಿ ಕನ್ನಡಿಯಂತೆ ನುಣುಪಾಗಿತ್ತು. ಒಂದು ಎಸಳಿನ ಬುಡದಲ್ಲಿ ಸೀಳು ಬಿಟ್ಟು ಅದಕ್ಕೆ ನೂಲು ಸುತ್ತಿದ್ದರು. ಯಾವಾಗ ಸೀಳಿತು ಎಂದೆ. ತಂಗಿಯ ಲಗ್ನದ ಗದ್ದಲದಲ್ಲಿ ಯಾರೋ ಬೀಳಿಸಿದರು, ಅವಳ ಮಾವನವರು ನೂಲು ಸುತ್ತಿ ಕೊಟ್ಟರು ಎಂದರು. ಬಿಸಿನೀರಿಗೆ ಹಾಕಿದರೆ ಕಟ್ಟಿಗೆ ಇನ್ನಷ್ಟು ಸೀಳುತ್ತದೆಂದು ತಣ್ಣೀರಲ್ಲೇ ತೊಳೆಯುತ್ತಿದ್ದರು. ನೂಲು ಬಿಚ್ಚಿ, ಸೀಳಿನಲ್ಲಿ ಬೆರಳಾಡಿಸಿದೆ. ನನ್ನ ಬೆರಳಿಗೆ ಆ ಜಾರು ಗೊತ್ತಿಲ್ಲದ್ದೇ?

ಅವತ್ತು ಸಂಜೆ ಬಾಜು ಮನೆಯ ಹೆಪ್ಪು ತರಿಸಿದೆ. ಎರಡು ಹಿತ್ತಾಳೆಯ ಲೋಟ ಕುದಿಸಿ, ಎರಡರಲ್ಲೂ ಒಂದೇ ಹಾಲು ಹಾಕಿಸಿದೆ. ಎರಡಕ್ಕೂ ತಂಗಿಯ ಕೈಯಿಂದಲೇ ಹೆಪ್ಪು ಹಾಕಿಸಿದೆ. ಒಂದರಲ್ಲಿ ಮಾತ್ರ ಕಡಗೋಲಿನ ಸೀಳಿನಿಂದ ಕಿತ್ತ ಸಣ್ಣ ಚಕ್ಕೆ ಬಿಟ್ಟೆ. ಬೆಳಿಗ್ಗೆ ಅತ್ತೆಯೇ ಚಮಚ ಹಾಕಿ ಎತ್ತಿದರು. ಒಂದು ಲೋಟದಲ್ಲಿ ಗಟ್ಟಿ ಮೊಸರು. ಚಕ್ಕೆ ಹಾಕಿದ ಲೋಟದಿಂದ ಎಳೆ ಬಂತು, ಬರುತ್ತಲೇ ಇತ್ತು.

ಅತ್ತೆ ಚಮಚ ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ತಮ್ಮ ತಾಯಿಯ ಕಡಗೋಲನ್ನು ಒಲೆಗೆ ಇಟ್ಟರು. ಅದು ಹೊಗೆಯಾಡಿ ಹತ್ತಿಕೊಳ್ಳುವ ತನಕ ಅಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದರು. ಸೊಸೆಯ ಕೈ ಹಿಡಿದುಕೊಂಡರು.

"ನಂದ ತಪ್ಪಾತು ತಂಗೀ. ಇಡೀ ಊರಿಗೆ ನಿನ್ನ ಕೈ ಚಲೋ ಇಲ್ಲ ಅಂತ ಹೇಳಿಕೋತ ಬಂದೆ. ಇನ್ನ ಒಲಿ, ಹಾಲು, ಹೈನು ಎಲ್ಲಾ ನಿಂದ. ನನಗೂ ಸೊಂಟ ಆಗೂದಿಲ್ಲ. ಆ ಕಪ್ಪಿನ ಕೆಲಸಕ್ಕ ನಾಳಿಂದ ಹೋಗಬ್ಯಾಡ, ನಮ್ಮ ಮನಿ ಸೊಸಿ ಕೆಸರು ಕಲಸೂದು ಸಾಕು."

ಇಷ್ಟು ದೊಡ್ಡ ಮನಸ್ಸಿನಿಂದ ಆಡಿದ ಮಾತಿಗೆ ಯಾರು ಏನು ಹೇಳುತ್ತಾರೆ? ಗಂಡ ಕೂಡ ಅವತ್ತು ಬಾಯಿಬಿಟ್ಟು, ಅವ್ವ ಸರಿಯಾಗಿ ಹೇಳಿದಳು ಅಂದ. ತಂಗಿ ತನ್ನ ಉಗುರಿನ ಸಂದಿಯ ಬಿಳಿ ಮಣ್ಣನ್ನು ಕೆರೆಯುತ್ತ ನಿಂತಿದ್ದಳು. ದಾರಿಯಲ್ಲಿ ಅವಳು ಬಿಡಕ್ಕ ಅಂದದ್ದು ನನಗೆ ಆಗ ಅರ್ಥವಾಯಿತು, ಆದರೆ ಮೊಸರು ಎಲ್ಲರ ಕಣ್ಣೆದುರಿಗೇ ಇತ್ತು. ಮೇಸ್ತ್ರಿ ಎರಡು ಸಲ ಹೇಳಿಕಳಿಸಿದರಂತೆ. ಅತ್ತೆ ಎರಡೂ ಸಲ ಚಹಾ ಕೊಟ್ಟು, ನಯವಾಗಿ ಇಲ್ಲ ಅಂದರಂತೆ.

ಮುಂದಿನ ಪಂಚಮಿಗೆ ತಂಗಿ ಒಂದೇ ದಿನದ ಮಟ್ಟಿಗೆ ಬಂದಳು. ಹೈನು ಬಿಟ್ಟು ಹೆಚ್ಚು ದಿನ ಇರಲಾಗದು ಎಂದಳು. ಸಣ್ಣಗಾಗಿದ್ದಳು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಕಡೆಯುವುದು, ಆಮೇಲೆ ರೊಟ್ಟಿ, ಆಮೇಲೆ ಮಧ್ಯಾಹ್ನದ ಅಡುಗೆ, ಆಮೇಲೆ ಕಾಯಿಸುವುದು, ಆಮೇಲೆ ಹೆಪ್ಪು. ಯಾರ ಮೇಲೂ ದೂರು ಹೇಳಲಿಲ್ಲ. ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಾಗ ನನ್ನ ಪಕ್ಕಕ್ಕೆ ಬಂದು ಕೂತಳು.

"ಅಕ್ಕಾ, ಆ ಲೋಳಿ ಇನ್ನೂ ಐತೇನು ನಿನ್ನ ಕಡೆ?"

"ಯಾವ ಲೋಳಿ?"

"ನಮ್ಮ ಮನೀದು. ಬಾಟಲ್ಯಾಗ ಒಯ್ದಿದ್ದಿಯಲ್ಲ. ಒಂದೀಟು ಇದ್ರ ಕೊಡ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಬೇಕಾಗುತ್ತಿತ್ತು. ಇದೆ, ಕೊಡುತ್ತೇನೆ ಅಂದೆ. ಅವಳ ಹೆಗಲು ಒಂದಿಷ್ಟು ಇಳಿದದ್ದು ಕಂಡಿತು. ಒಂದು ವರ್ಷದ ನನ್ನ ಪಪ್ಪಾಯಿ ಹಾಲು, ನನ್ನ ಎರಡು ಲೋಟದ ಪರೀಕ್ಷೆ, ನನ್ನ ಖರೇ ಮಾತು ಎಲ್ಲ ನೀರಲ್ಲಿ ಹೋಗಲಿ, ಈ ಹುಡುಗಿಯ ಮೊಸರು ಕೆಡಲಿ ಎಂದು ಮನಸಾರೆ ಬಯಸಿದೆ.

ಆ ಬ್ಯಾಕ್ಟೀರಿಯಾವನ್ನು ನಾನು ಬಿಟ್ಟಿರಲಿಲ್ಲ. ಸರ್ ಹೇಳಿದ್ದರೆಂದು ವಾರ ವಾರ ಹಳೆ ಟ್ಯೂಬಿನಿಂದ ಹೊಸ ಹಾಲಿಗೆ ಒಂದೊಂದು ಹನಿ ದಾಟಿಸುತ್ತ ಜೀವ ಉಳಿಸಿದ್ದೆ. ಮರುದಿನ ಕಾಲೇಜಿಗೆ ಹೋದವಳೇ ಒಂದು ಲೋಟ ಹಾಲಿಗೆ ಅದನ್ನು ಹಾಕಿದೆ. ಬೆಳಿಗ್ಗೆ ಕಡ್ಡಿ ಅದ್ದಿ ಎತ್ತಿದರೆ ಚಂದದ ಮೊಸರು. ತುಂಡಾಗಿ ಬಿತ್ತು, ಎಳೆ ಇಲ್ಲ. ಹಾಲು ಸರಿಯಿಲ್ಲವೇನೋ ಎಂದು ಎಮ್ಮೆಯ ಹಾಲು ತಂದೆ. ಚಂದದ ಮೊಸರು. ಟ್ಯೂಬಿನಲ್ಲಿ ಬೆಳೆಸಿ ಬಣ್ಣ ಹಾಕಿದೆ, ಗೋಡೆಗೆ ಏನೂ ಹತ್ತಲಿಲ್ಲ. ಕಪಾಟಿನ ಹಿಂದೆ ಒಣಗಿಹೋಗಿದ್ದ ಹಳೆಯ ಟ್ಯೂಬುಗಳನ್ನೂ ನೆನೆಸಿ ನೋಡಿದೆ, ಅವು ಎದ್ದೇಳಲಿಲ್ಲ. ಕಟ್ಟಿಗೆಯ ಚಕ್ಕೆಗಳನ್ನು ನಾನೇ ಎಂದೋ ತಿಕ್ಕಿ ತೊಳೆದು ಇಟ್ಟಿದ್ದೆ. ಅಷ್ಟು ಚೆನ್ನಾಗಿ ತೊಳೆಯುವುದನ್ನು ಆ ಕಾಲೇಜೇ ನನಗೆ ಕಲಿಸಿತ್ತು.

ಸರ್ ರಜೆ ಮುಗಿಸಿ ಬಂದಿದ್ದರು. ಕೇಳಿದೆ.

"ಬಿಟ್ಟಿರ್ತೈತವಾ," ಎಂದರು. "ಮೈಮ್ಯಾಲೆ ಆ ಎಳಿ ಕಟಗೊಳ್ಳೂದಂದ್ರ ಅದಕ್ಕೂ ಖರ್ಚ ಅಲ್ಲ? ನೀ ವಾರಾ ವಾರಾ ಹೊಸಾ ಹಾಲು ಕೊಟ್ಟಿ. ಗಟ್ಟಿ ಹಿಡಕೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಮ್ಯಾಲ ನೀ ದಾಟಿಸಿದ ಹನ್ಯಾಗ ಬರೂವು ತೇಲೂವ. ಗ್ವಾಡಿ ಹಿಡಿದವು ಹಿಂದ ಉಳದು ಮೋರಿಗೆ ಹೋದವು. ಹಿಡೀಲಾರದವು ಬೆಳಕೋತ ಬಂದವು."

ಮತ್ತೆ ಬರಬಹುದೇ ಅಂದೆ. ಬರೋದು ಕಷ್ಟ ಎಂದು ಅವರು ತಮ್ಮ ದಮ್ಮಿನ ಗುಳಿಗೆ ಹುಡುಕತೊಡಗಿದರು. ನಾನು ಮೋರಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ರವಿವಾರ ಖಾನಾಪುರಕ್ಕೆ ಹೋದೆ. ಅತ್ತೆ ಹಿಗ್ಗಿನಿಂದ ಬರಮಾಡಿಕೊಂಡು, ಕೈಕಾಲು ತೊಳೆಯುವ ಮೊದಲೇ ಮೊಸರಿನ ಬಟ್ಟಲು ಮುಂದಿಟ್ಟರು.

"ತಿಂದ ನೋಡ್ರಿ. ಈಗ ಇಡೀ ಓಣಿ ನಮ್ಮ ಮನಿಗೆ ಹೆಪ್ಪಿಗೆ ಬರ್ತೈತಿ. ಕೈ ಅಂದ್ರ ಈಕೀ ಕೈ ನೋಡ್ರಿ. ಇನ್ನ ಈಕೀನ ಒಂದ ದಿನಾ ಬಿಟ್ಟಿರಾಕ ಆಗೂದಿಲ್ಲ ನಮಗ."

ತಿಂದೆ. ನಿಜವಾಗಿಯೂ ಚೆನ್ನಾಗಿತ್ತು. ಅತ್ತೆ ಎಮ್ಮೆ ಕಟ್ಟಲು ಹಿತ್ತಲಿಗೆ ಹೋದ ಮೇಲೆ ಅಡುಗೆಮನೆಗೆ ಹೋದೆ. ತಂಗಿ ಕಂಬಕ್ಕೆ ಹಗ್ಗ ಸುತ್ತಿ, ಹೊಸ ಕಡಗೋಲಿನಲ್ಲಿ ಕಡೆಯುತ್ತಿದ್ದಳು. ನನ್ನ ಚೀಲದ ಕಡೆ ನೋಡಿದಳು. ನಾನು ಖಾಲಿ ಕೈ ತೋರಿಸಿ, ಸರ್ ಹೇಳಿದ್ದನ್ನೆಲ್ಲ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅದು ಸತ್ತಿಲ್ಲ, ಚೆನ್ನಾಗಿಯೇ ಇದೆ, ಹಿಡಿದುಕೊಳ್ಳುವುದನ್ನು ಮಾತ್ರ ಬಿಟ್ಟುಬಿಟ್ಟಿದೆ ಎಂದೆ. ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಪುಣ್ಯಾ ಮಾಡಿತ್ತು ನೋಡ," ಎಂದಳು. "ಅದಕ್ಕಾದ್ರೂ ಬಿಡಾಕ ಬಂತು."